ಬುಧವಾರದ ಹುಂಡಿ

45ರ ಮುಂದೆ ಹನ್ನೆರಡು ಸೊನ್ನೆ ಬರೆದು ನೋಡಿ. 45 ಲಕ್ಷ ಕೋಟಿ ಡಾಲರ್. ಸೆಕೆಂಡಿಗೊಂದು ನೋಟಿನಂತೆ ಊಟ, ನಿದ್ದೆ ಬಿಟ್ಟು ಎಣಿಸುತ್ತ ಕೂತರೆ 14 ಲಕ್ಷ ವರ್ಷ ಬೇಕು. ನಮ್ಮ ಮನುಷ್ಯಜಾತಿ ಹುಟ್ಟಿಯೇ ಸುಮಾರು 3 ಲಕ್ಷ ವರ್ಷವಾಗಿದೆ. ಒಂದು ಡಾಲರಿನ ನೋಟುಗಳನ್ನು ಒಂದರ ಮೇಲೊಂದು ಪೇರಿಸಿದರೆ ಚಂದ್ರನಿಗೆ ಆರು ಸಲ ಹೋಗಿಬಂದಷ್ಟು ದೂರ.

1765ರಿಂದ 1938ರವರೆಗೆ ಬ್ರಿಟನ್ ಭಾರತದಿಂದ ಹೀರಿಕೊಂಡದ್ದಕ್ಕೆ ಅರ್ಥಶಾಸ್ತ್ರಜ್ಞೆ ಉತ್ಸಾ ಪಟ್ನಾಯಕ್ ಪ್ರಕಟಿಸಿದ ಲೆಕ್ಕ ಇದು. ಬೆಚ್ಚಿಬೀಳುವ ಮುನ್ನ ಒಂದು ಮಾತು: ಈ ಮೊತ್ತದಲ್ಲಿ ಬಹುಪಾಲು ಚಕ್ರಬಡ್ಡಿಯ ಕರಾಮತ್ತು. ಅವರು ಹಿಡಿದದ್ದು ಶೇ. 5ರ ಬಡ್ಡಿ. ಆ ದರದಲ್ಲಿ 1765ರ ಒಂದೇ ಒಂದು ಪೌಂಡು 2016ಕ್ಕೆ 2 ಲಕ್ಷ ಪೌಂಡು ದಾಟುತ್ತದೆ! ಟೀಕಾಕಾರರು ಬೆರಳಿಡುವುದೂ ಇಲ್ಲಿಯೇ. ಇರಲಿ, ಬಡ್ಡಿಯನ್ನು ಪೂರ್ತಿ ಮನ್ನಾ ಮಾಡಿಬಿಡೋಣ. ನನ್ನನ್ನು ದಂಗುಬಡಿಸಿದ್ದು ಮೊತ್ತವಲ್ಲ, ಅದನ್ನು ಸಾಗಿಸಿದ ಉಪಾಯ.

1765ರಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ಬಂಗಾಳದ ದಿವಾನಿ, ಅಂದರೆ ಕಂದಾಯ ಎತ್ತುವ ಹಕ್ಕು, ಸಿಕ್ಕಿತು. ಅಲ್ಲಿಯವರೆಗೆ ಬೆಳ್ಳಿ ತಂದು ಸುರಿದು ಬಟ್ಟೆ ಕೊಳ್ಳುತ್ತಿದ್ದವರು ಈಗ ಕಂದಾಯದ ಸುಮಾರು ಮೂರನೇ ಒಂದು ಪಾಲಿನಿಂದಲೇ ಕೊಳ್ಳತೊಡಗಿದರು. ನೇಕಾರ ತೆರಿಗೆ ಕಟ್ಟುತ್ತಾನೆ. ಅದೇ ಕಾಸು ಅವನ ಬಟ್ಟೆಯ ಬೆಲೆಯಾಗಿ ವಾಪಸು ಬರುತ್ತದೆ. ಬಟ್ಟೆ ಮಾತ್ರ ಹಡಗು ಹತ್ತುತ್ತದೆ. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ.

ಕಂಪನಿ ಹೋಗಿ ರಾಣಿ ಬಂದಾಗ ಉಪಾಯ ಇನ್ನಷ್ಟು ನಯವಾಯಿತು. ಭಾರತದ ಗೋಧಿ, ಸೆಣಬು, ಹತ್ತಿ ಬೇಕಾದ ವಿದೇಶಿ ವ್ಯಾಪಾರಿ ಲಂಡನ್ನಿನಲ್ಲಿ ಚಿನ್ನ ಅಥವಾ ಪೌಂಡು ಕಟ್ಟಿ ‘ಕೌನ್ಸಿಲ್ ಬಿಲ್’ ಎಂಬ ಹುಂಡಿ ಕೊಳ್ಳಬೇಕು. ಬ್ಯಾಂಕ್ ಆಫ್ ಇಂಗ್ಲೆಂಡ್‌ನಲ್ಲಿ ಬುಧವಾರ ಬುಧವಾರ ಇದರ ಮಾರಾಟ. ಹುಂಡಿ ಕಲ್ಕತ್ತೆಗೋ ಬೊಂಬಾಯಿಗೋ ಬರುತ್ತದೆ, ಸರ್ಕಾರಿ ಖಜಾನೆ ರೂಪಾಯಿ ಎಣಿಸಿ ಕೊಡುತ್ತದೆ. ಆ ರೂಪಾಯಿ ಎಲ್ಲಿಯದು? ಮತ್ತೆ ರೈತನ ತೆರಿಗೆಯದೇ. ಚಿನ್ನ ಲಂಡನ್ನಿನ ಹೊಸ್ತಿಲು ದಾಟಲೇ ಇಲ್ಲ. ಕಳ್ಳತನದ ಸದ್ದೂ ಇಲ್ಲ. ಎಲ್ಲಕ್ಕೂ ರಸೀದಿ ಉಂಟು.

ಇಂಥ ಸೋರಿಕೆಯನ್ನು ವಿವರಿಸುವ ಸಿದ್ಧಾಂತವೂ ಉಂಟು. ಮಾರ್ಕ್ಸ್ ಕಾರ್ಖಾನೆಯೊಳಗೆ, ಮಾಲೀಕ ಮತ್ತು ಕೂಲಿಯ ನಡುವೆ ಹುಡುಕಿದ ಹೆಚ್ಚುವರಿ ಮೌಲ್ಯವನ್ನು, ಅಂದರೆ ದುಡಿದವನಿಗೆ ಸಿಗದೆ ಮಾಲೀಕನ ಪಾಲಾಗುವ ಗಳಿಕೆಯನ್ನು, ನವ ಮಾರ್ಕ್ಸ್‌ವಾದಿಗಳು ದೇಶ ದೇಶಗಳ ನಡುವೆ ಹುಡುಕಿದರು. 1957ರಲ್ಲಿ ಪಾಲ್ ಬರಾನ್, ಆಮೇಲೆ ಆಂಡ್ರೆ ಗುಂಡರ್ ಫ್ರಾಂಕ್. ಬಡ ದೇಶ ಓಟಕ್ಕೆ ತಡವಾಗಿ ಹೊರಟಿತೆಂಬುದನ್ನು ಇವರು ಒಪ್ಪುವುದಿಲ್ಲ. ಮುಂದೆ ಓಡಿದವನ ಬುತ್ತಿ ಯಾರ ಮನೆಯದು ಎಂದು ಕೇಳುತ್ತಾರೆ. ನಮ್ಮ ದಾದಾಭಾಯಿ ನವರೋಜಿ ಮಾರ್ಕ್ಸ್‌ವಾದದ ಗೊಡವೆಯಿಲ್ಲದೆಯೇ 1901ರ ತಮ್ಮ ಪುಸ್ತಕದಲ್ಲಿ ಈ ಸೋರಿಕೆಯ ಲೆಕ್ಕ ಇಟ್ಟಿದ್ದರು.

ಪಟ್ನಾಯಕ್ ತೋರಿಸುವ ಇನ್ನೊಂದು ಅಂಕಿಗೆ ಸೊನ್ನೆಗಳ ಸಾಲೇ ಬೇಡ. 1929ಕ್ಕೆ ಹಿಂದಿನ ಮೂರು ದಶಕ, ಆಮದಿಗಿಂತ ರಫ್ತು ಹೆಚ್ಚಿಸಿ ಗಳಿಸುವುದರಲ್ಲಿ ಜಗತ್ತಿನಲ್ಲಿ ಅಮೆರಿಕ ಮೊದಲು, ಭಾರತ ಎರಡನೆಯದು. ಅಷ್ಟು ಮಾರಿದ ದೇಶದ ತಲಾ ವಾರ್ಷಿಕ ಆದಾಯ 1900ರ ಆಸುಪಾಸಿನಲ್ಲಿ 196 ರೂಪಾಯಿ. 1945-46ರಲ್ಲಿ 202.