ಯಾರದೋ ಬುತ್ತಿ, ಮೂವತ್ತು ವರ್ಷದ ಹೆಸರು

ಜಾತ್ರೆಯ ಮೂಲೆಯ ಮೇಜೊಂದರ ಮೇಲೆ ಯಾರದೋ ಬುತ್ತಿ ಇಟ್ಟಿದೆ. ಹತ್ತಿರ ಹೋಗಿ ಗುಂಡಿ ಒತ್ತಿದರೆ ಅದು ನಿಮ್ಮ ಹೊಟ್ಟೆ ಸೇರುತ್ತದೆ, ಒಂದಿಷ್ಟು ಶಕ್ತಿಯೂ ಬರುತ್ತದೆ. ವಿಡಿಯೊ ಗೇಮ್ ಆಡಿದವರ ಕೈಗೆ ಇದು ರೂಢಿ. ಕಣ್ಣಿಗೆ ಬಿದ್ದದ್ದನ್ನೆಲ್ಲ ಬಾಚಿಕೊಳ್ಳುತ್ತಾ ಹೋಗುವುದು. ನಾನೂ ತಿಂದೆ, ತಿಂದದ್ದನ್ನು ಮರೆತೂಬಿಟ್ಟೆ. ಬಹಳ ಹೊತ್ತಿನ ಮೇಲೆ ಆಟದಲ್ಲಿ ನಾನು ನಡೆಸುತ್ತಿದ್ದ ಹುಡುಗನನ್ನು ರಾಜಕುಮಾರಿಯ ಅಪಹರಣದ ಆರೋಪದ ಮೇಲೆ ಕಟಕಟೆಗೆ ನಿಲ್ಲಿಸಿದರು. ಆಗ ಸಾಕ್ಷಿಯೊಬ್ಬ ಬಂದ. ಜಾತ್ರೆಯಲ್ಲಿ ತನ್ನ ಊಟ ತಿಂದವನು ಇವನೇ ಎಂದು ಎಲ್ಲರೆದುರು ಹೇಳಿದ.

ನನ್ನ ಮುಖ ಬಿಸಿಯಾಯಿತು. ಪರದೆಯ ಮೇಲಿನ ನಾಲ್ಕು ಚುಕ್ಕೆಯ ಬೊಂಬೆಗಾಗಿ ಅಲ್ಲ, ನನಗಾಗಿ.

'ಕ್ರೋನೋ ಟ್ರಿಗರ್' ಎಂಬ ಈ ಜಪಾನಿ ಆಟ ಬಂದದ್ದು 1995ರ ಮಾರ್ಚ್ 11ರಂದು, ನಿಂಟೆಂಡೊ ಕಂಪನಿಯ ಸೂಪರ್ ಫ್ಯಾಮಿಕಾಮ್ ಯಂತ್ರಕ್ಕೆ. ಅಂದಿನಿಂದ ಇಂದಿನವರೆಗೂ ಜಗತ್ತಿನ ಅತ್ಯುತ್ತಮ ರೋಲ್-ಪ್ಲೇಯಿಂಗ್ ಆಟ ಯಾವುದೆಂಬ ಮಾತು ಬಂದಲ್ಲೆಲ್ಲ ಇದರ ಹೆಸರು ಮೊದಲ ಸಾಲಿನಲ್ಲೇ ಇರುತ್ತದೆ. ಇಂಥ ಹೊಗಳಿಕೆಯಲ್ಲಿ ಬಾಲ್ಯದ ಪಾಲು ಎಷ್ಟು, ಆಟದ ಪಾಲು ಎಷ್ಟು ಎಂದು ಬೇರ್ಪಡಿಸುವುದು ಕಷ್ಟ. ನನಗೆ ಆ ತೊಡಕಿಲ್ಲ. ನನ್ನ ಬಾಲ್ಯದಲ್ಲಿ ವಿಡಿಯೊ ಗೇಮ್ ಎಂದರೆ ಬೇಸಿಗೆ ರಜೆಯಲ್ಲಿ ಟಿವಿಗೆ ಸಿಕ್ಕಿಸುವ ಅಗ್ಗದ ಪೆಟ್ಟಿಗೆ, ಅದರೊಳಗೆ ಮಾರಿಯೊ ಮತ್ತು ಕಾಂಟ್ರಾ. ಕರೆಂಟು ಹೋದರೆ ಎಲ್ಲ ಮೊದಲಿನಿಂದ. ಕ್ರೋನೋ ಟ್ರಿಗರ್ ಅನ್ನು ನಾನು ಆಡಿದ್ದು ಕೆಲಸಕ್ಕೆ ಸೇರಿದ ಮೇಲೆ, ಫೋನಿನಲ್ಲಿ, ರಾತ್ರಿ ಮನೆಯವರೆಲ್ಲ ಮಲಗಿದ ನಂತರ.

ಇದು ಹುಟ್ಟಿದ ಬಗೆಯೇ ವಿಚಿತ್ರ. ಜಪಾನಿನಲ್ಲಿ ಆಗ ಎರಡು ದೊಡ್ಡ ರೋಲ್-ಪ್ಲೇಯಿಂಗ್ ಸರಣಿಗಳಿದ್ದವು. 1986ರಲ್ಲಿ ಶುರುವಾದ 'ಡ್ರ್ಯಾಗನ್ ಕ್ವೆಸ್ಟ್' ಎನಿಕ್ಸ್ ಕಂಪನಿಯದು, ಅದನ್ನು ರೂಪಿಸಿದವರು ಯೂಜಿ ಹೋರಿ. ಮರುವರ್ಷ ಬಂದ 'ಫೈನಲ್ ಫ್ಯಾಂಟಸಿ' ಸ್ಕ್ವೇರ್ ಕಂಪನಿಯದು, ಅದರ ಜನಕ ಹಿರೊನೊಬು ಸಕಾಗುಚಿ. ಎರಡೂ ಎದುರಾಳಿ ಮನೆಗಳು. ಹೋರಿಯವರ ಆಟಕ್ಕೆ ಪಾತ್ರಗಳನ್ನು ಬರೆದುಕೊಡುತ್ತಿದ್ದವರು ಅಕಿರಾ ತೊರಿಯಾಮಾ. ಗೋಕುವಿನ ಮೂಲಕ ನಮ್ಮ ಮಕ್ಕಳಿಗೂ ಗೊತ್ತಿರುವ 'ಡ್ರ್ಯಾಗನ್ ಬಾಲ್' ಚಿತ್ರಕಥೆಯ ಕಲಾವಿದ. 1992ರಲ್ಲಿ ಈ ಮೂವರೂ ಕಂಪ್ಯೂಟರ್ ಗ್ರಾಫಿಕ್ಸ್ ಎಲ್ಲಿಯವರೆಗೆ ಬಂದಿದೆ ಎಂದು ನೋಡಲು ಅಮೆರಿಕಕ್ಕೆ ಒಟ್ಟಿಗೆ ಹೋದರು. ಹಿಂದಿರುಗುವಾಗ, ಯಾರೂ ಮಾಡದ್ದೇನನ್ನಾದರೂ ಜೊತೆಗೂಡಿ ಮಾಡಬೇಕೆಂಬ ಹಂಬಲ ಅವರ ಜೊತೆ ಬಂದಿತ್ತು. ಸ್ಕ್ವೇರ್ ಮತ್ತು ಎನಿಕ್ಸ್ ಒಂದೇ ಕಂಪನಿಯಾಗಲು 2003 ಬರಬೇಕಾಯಿತು. ಅದಕ್ಕೂ ಎಷ್ಟೋ ಮೊದಲು ಈ ಆಟದಲ್ಲಿ ಅವು ಒಂದೇ ಚಾಪೆಯ ಮೇಲೆ ಕೂತಿದ್ದವು.

ಕಾಲದಲ್ಲಿ ಹಿಂದೆ ಮುಂದೆ ಓಡಾಡುವ ಕಥೆ ಬೇಕೆಂದದ್ದು ಹೋರಿ. ಕಥೆಯನ್ನು ಕಟ್ಟಬೇಕಾಗಿದ್ದ ಮಸಾತೊ ಕಾಟೊ ಅವರಿಗೆ ಮೊದಲಿಗೆ ಅದು ಒಪ್ಪಿಗೆಯಾಗಿರಲಿಲ್ಲ. ಅದೇ ಊರು, ಅದೇ ಕೆಲಸ ಮತ್ತೆ ಮತ್ತೆ ಬಂದು ಬೇಸರವಾದೀತು ಎಂಬ ಅಂಜಿಕೆ ಅವರದು. ಆ ಅಂಜಿಕೆಯೇ ಆಟವನ್ನು ಕಾಪಾಡಿತು ಎಂದು ನನಗನ್ನಿಸುತ್ತದೆ. ಕ್ರಿ.ಶ. 1000ದ ಜಾತ್ರೆ, 600ರ ಯುದ್ಧ, 2300ರ ಬೂದಿ ಬಿದ್ದ ಊರುಗಳು, ಆರೂವರೆ ಕೋಟಿ ವರ್ಷದ ಹಿಂದಿನ ಡೈನೊಸಾರ್‌ಗಳ ಕಾಡು, ಯಾವುದೂ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಬೇಸರ ಇಣುಕುವ ಮೊದಲೇ ಬಾಗಿಲು ತೆರೆದುಕೊಂಡು ಇನ್ನೊಂದು ಯುಗಕ್ಕೆ ಬಿದ್ದಿರುತ್ತೀರಿ. ಇವನ್ನೆಲ್ಲ ಪೋಣಿಸುವುದು 1999ರಲ್ಲಿ ನೆಲದೊಳಗಿಂದ ಎದ್ದು ಲೋಕವನ್ನು ಸುಡುವ ಲಾವೊಸ್ ಎಂಬ ಜೀವಿ. ಅದು ನಡೆಯದಂತೆ ತಡೆಯುವುದೇ ಕೆಲಸ.

ಇದಿಷ್ಟೂ ತುಂಬಿದ್ದು 32 ಮೆಗಾಬಿಟ್ಟಿನ ಕಾರ್ಟ್ರಿಡ್ಜಿನಲ್ಲಿ, ಅಂದರೆ ನಾಲ್ಕು ಮೆಗಾಬೈಟ್. ಈಗ ಫೋನಿನಲ್ಲಿ ತೆಗೆದ ಒಂದು ಫೋಟೊ ಅಷ್ಟಾಗುತ್ತದೆ. ಮಾತು, ಚಿತ್ರ, ನಕ್ಷೆ, ಸಂಗೀತ ಎಲ್ಲ ಅಷ್ಟರಲ್ಲೇ ಹೊಂದಬೇಕಿತ್ತು. ಅದಕ್ಕೇ ಇಲ್ಲಿ ಯಾರೂ ಉದ್ದುದ್ದ ಮಾತಾಡುವುದಿಲ್ಲ. ದುಃಖವಾದ ಬೊಂಬೆ ತಲೆ ತಗ್ಗಿಸುತ್ತದೆ, ಎರಡು ಹೆಜ್ಜೆ ನಡೆದು ಬೆನ್ನು ತಿರುಗಿಸುತ್ತದೆ, ಅಷ್ಟೇ. ನೋಡುವವರಿಗೆ ಅರ್ಥವಾಗುತ್ತದೆ.

ಸಂಗೀತದ ಕಥೆಯನ್ನು ಹೇಳದೆ ಮುಂದೆ ಹೋಗಲಾರೆ. ಯಸುನೋರಿ ಮಿತ್ಸುದಾ ಎಂಬ ಹುಡುಗ 1992ರಲ್ಲಿ ಸ್ಕ್ವೇರ್ ಸೇರಿದ್ದು ಬೇರೆಯವರ ಆಟಗಳಿಗೆ ಸದ್ದುಗಳನ್ನು ಮಾಡಿಕೊಡಲು. ರಾಗ ಕಟ್ಟುವ ಅವಕಾಶ ಬರಲೇ ಇಲ್ಲ. ಕೊನೆಗೆ ಸಕಾಗುಚಿಯವರ ಮುಂದೆ ನಿಂತು, ಸಂಗೀತ ಮಾಡಲು ಬಿಡದಿದ್ದರೆ ಕೆಲಸ ಬಿಡುತ್ತೇನೆ ಎಂದ. ಸಕಾಗುಚಿ ಅವನಿಗೆ ಕೊಟ್ಟದ್ದು ಈ ಆಟವನ್ನೇ. ಯಂತ್ರದಲ್ಲಿ ಒಮ್ಮೆಗೆ ನುಡಿಯುವುದು ಎಂಟೇ ದನಿ, ಅವಕ್ಕಿದ್ದ ಜಾಗ 64 ಕಿಲೊಬೈಟ್. ಹುಡುಗ ಹಗಲಿರುಳು ಸ್ಟುಡಿಯೊದಲ್ಲೇ ಬಿದ್ದಿದ್ದ. ನಡುವೆ ಹಾರ್ಡ್ ಡಿಸ್ಕ್ ಕೆಟ್ಟು ಸುಮಾರು 40 ಅರೆಬರೆ ರಾಗಗಳು ಅಳಿಸಿಹೋದವು. ಹೊಟ್ಟೆಯಲ್ಲಿ ಹುಣ್ಣಾಗಿ ಅವನು ಮಲಗಿದಾಗ ಉಳಿದದ್ದರಲ್ಲಿ ಹತ್ತು ರಾಗಗಳನ್ನು ಕಟ್ಟಿಕೊಟ್ಟವರು ಫೈನಲ್ ಫ್ಯಾಂಟಸಿಯ ಸಂಗೀತಗಾರ ನೊಬುವೊ ಉಎಮಾತ್ಸು. ಆಟ ಹೊರಬಂದಾಗ ಮಿತ್ಸುದಾಗೆ 23 ವರ್ಷ. ಮೊದಲ ಸಲ 600ನೇ ಇಸವಿಗೆ ಹೋಗಿ ಬಯಲಿಗೆ ಕಾಲಿಟ್ಟಾಗ ಒಂದು ರಾಗ ಶುರುವಾಗುತ್ತದೆ. ಗಾಳಿಯಂತೆ ಹಗುರ, ಮನೆಯಿಂದ ಬಹಳ ದೂರ ಬಂದವರ ಸಂಕಟ ಅದರೊಳಗೆ. ಆ ರಾತ್ರಿ ನಾನು ಎತ್ತಲೂ ಹೋಗದೆ ಆಟದ ಹುಡುಗನನ್ನು ಅಲ್ಲೇ ನಿಲ್ಲಿಸಿ ಕೇಳುತ್ತಾ ಕೂತೆ.

ಹಾಗಾದರೆ ಹೆಸರಿಗೆ ತಕ್ಕ ಆಟವೇ? ಎಲ್ಲದರಲ್ಲೂ ಅಲ್ಲ. ಹತ್ತಕ್ಕೂ ಹೆಚ್ಚು ಮುಕ್ತಾಯಗಳಿವೆ ಎಂಬುದು ಇದರ ದೊಡ್ಡ ಕೀರ್ತಿ. ಒಮ್ಮೆ ಮುಗಿಸಿದವರು ಗಳಿಸಿದ ಬಲವನ್ನೆಲ್ಲ ಇಟ್ಟುಕೊಂಡು ಮೊದಲಿನಿಂದ ಆಡಬಹುದು, ಲಾವೊಸ್‌ನನ್ನು ಎಷ್ಟು ಬೇಗ ಸೋಲಿಸುತ್ತೀರೋ ಅದಕ್ಕೆ ತಕ್ಕಂತೆ ಕೊನೆ ಬದಲಾಗುತ್ತದೆ. ಇಂದು ಆಟಗಳಲ್ಲಿ 'ನ್ಯೂ ಗೇಮ್ ಪ್ಲಸ್' ಎನ್ನುವ ಹೆಸರು ನಿಂತದ್ದೇ ಇದರಿಂದ. ಆದರೆ ಆ ಮುಕ್ತಾಯಗಳಲ್ಲಿ ಹಲವು ಪುಟ್ಟ ತಮಾಷೆಯ ತುಣುಕುಗಳು. ಕಾದಾಟವೂ ಸುಲಭ. ಶತ್ರುಗಳು ಕಣ್ಣಿಗೆ ಕಾಣುತ್ತಾರೆ, ನಿಂತ ಜಾಗದಲ್ಲೇ ಜಗಳ ಶುರುವಾಗುತ್ತದೆ, ಇಬ್ಬರು ಮೂವರು ಸೇರಿ ಹೊಡೆಯುವ ಪಟ್ಟುಗಳು ಮೊದಮೊದಲು ಖುಷಿ ಕೊಡುತ್ತವೆ. ಅರ್ಧ ದಾಟಿದ ಮೇಲೆ ಅದೇ ನಾಲ್ಕು ಪಟ್ಟುಗಳಲ್ಲಿ ಎಲ್ಲವೂ ಮುಗಿಯುತ್ತದೆ. ಲಾವೊಸ್‌ಗಂತೂ ಮನಸ್ಸೆಂಬುದೇ ಇಲ್ಲ. ಅದು ಬರೀ ವಿಪತ್ತು, ಅದರ ಮೇಲೆ ಸಿಟ್ಟೂ ಬರುವುದಿಲ್ಲ.

ಹೀಗೆ ಕಡಿಮೆ ಅಂಕ ಕೊಡುತ್ತಾ ಹೋದವನನ್ನು ಒಂದು ಮರಳುಗಾಡು ತಡೆಯಿತು. 600ರಲ್ಲಿ ಫಿಯೊನಾ ಎಂಬ ಹೆಂಗಸು ಬಂಜರು ಬಿದ್ದ ನೆಲವನ್ನು ಕಾಡಾಗಿಸಲು ಹೆಣಗುತ್ತಿದ್ದಾಳೆ. ಒಬ್ಬಳ ಆಯುಷ್ಯಕ್ಕೆ ಮುಗಿಯುವ ಕೆಲಸವಲ್ಲ. ನಿಮ್ಮ ಗುಂಪಿನಲ್ಲಿರುವ ರೋಬೊ ಎಂಬ ಯಂತ್ರಮಾನವ ತಾನು ಇಲ್ಲೇ ಉಳಿದು ನೆಲ ಉಳುತ್ತೇನೆ ಎನ್ನುತ್ತಾನೆ. ನೀವು ಕಾಲದ ಹಡಗು ಹತ್ತಿ 1000ಕ್ಕೆ ಬರುತ್ತೀರಿ. ನಿಮಗೆ ಅರೆನಿಮಿಷ, ಅವನಿಗೆ 400 ವರ್ಷ. ಮರಳಿದ್ದ ಕಡೆ ದಟ್ಟ ಹಸಿರು, ನಡುವೆ ಒಂದು ಗುಡಿ, ಗುಡಿಯೊಳಗೆ ತುಕ್ಕು ಹಿಡಿದು ನಿಂತುಹೋದ ರೋಬೊ. ಲುಕ್ಕಾ ಎಂಬ ಹುಡುಗಿ ಅವನನ್ನು ರಿಪೇರಿ ಮಾಡುತ್ತಾಳೆ. ಆ ರಾತ್ರಿ ಎಲ್ಲರೂ ಕಾಡಿನಲ್ಲಿ ಬೆಂಕಿ ಹಾಕಿಕೊಂಡು ಕೂರುತ್ತಾರೆ.

ಎಲ್ಲರೂ ಮಲಗಿದ ಮೇಲೆ ಲುಕ್ಕಾಳ ಮುಂದೆ ಒಂದು ಬಾಗಿಲು ತೆರೆಯುತ್ತದೆ. ಹತ್ತು ವರ್ಷದ ಹಿಂದಿನ ಅವಳದೇ ಮನೆ. ಅವಳ ತಾಯಿಯ ಬಟ್ಟೆ ಯಂತ್ರಕ್ಕೆ ಸಿಕ್ಕಿಕೊಂಡ ದಿನ. ಆ ದಿನದಿಂದ ತಾಯಿಗೆ ನಡೆಯಲಾಗಿಲ್ಲ. ಯಂತ್ರ ನಿಲ್ಲಿಸಲು ಗುಪ್ತಪದ ಒತ್ತಬೇಕು, ಇರುವುದು ಕೆಲವೇ ಕ್ಷಣ. ಪದ ತಾಯಿಯ ಹೆಸರೇ: ಲಾರಾ. ಇಂಗ್ಲಿಷಿನಲ್ಲಿ ಬರೆದರೆ ಎಲ್, ಎ, ಆರ್, ಎ. ಸೂಪರ್ ಫ್ಯಾಮಿಕಾಮ್ ಹಿಡಿಕೆಯ ಗುಂಡಿಗಳ ಮೇಲೆ ಅಚ್ಚಾಗಿದ್ದ ಅಕ್ಷರಗಳೂ ಅವೇ. ಆಡುವವರ ಬೆರಳ ಕೆಳಗೆ ಮೊದಲಿನಿಂದಲೂ ಆ ಹೆಸರಿತ್ತು. ಮೊದಲ ಸಲ ನನ್ನಿಂದ ಆಗಲಿಲ್ಲ. ತಡಬಡಾಯಿಸಿದೆ, ಹೊತ್ತು ಮೀರಿತು. ಆಟ ನಿಲ್ಲಲಿಲ್ಲ, ಮತ್ತೊಮ್ಮೆ ಪ್ರಯತ್ನಿಸೆಂದು ಕೇಳಲೂ ಇಲ್ಲ. ಮುಂದೆ ಲುಕ್ಕಾಳ ಮನೆಗೆ ಹೋದಾಗಲೆಲ್ಲ ತಾಯಿ ಕುರ್ಚಿಯಲ್ಲಿ ಕೂತೇ ಇರುತ್ತಿದ್ದರು.

ಆ ಬುತ್ತಿಯ ವಿಷಯವೂ ಹೀಗೇ. ಏಳು ಜನ ಪಂಚರು ಒಬ್ಬೊಬ್ಬರಾಗಿ ಬಂದು, ಅಪರಾಧಿ ಎನ್ನುವವರು ಒಂದು ಕಡೆ, ನಿರ್ದೋಷಿ ಎನ್ನುವವರು ಇನ್ನೊಂದು ಕಡೆ ನಿಲ್ಲುತ್ತಾರೆ. ತೀರ್ಪು ಏನೇ ಬಂದರೂ ಹುಡುಗ ಸೆರೆಮನೆಗೇ ಹೋಗುತ್ತಾನೆ, ಕಥೆ ಅದೇ ದಾರಿ ಹಿಡಿಯುತ್ತದೆ. ಎಲ್ಲವನ್ನೂ ಆಡುವವರೇ ಬದಲಿಸಬಹುದು ಎಂಬ ಮಾತು ಅಲ್ಲಿಗೆ ನಿಜವಲ್ಲ. ಆದರೂ ಯಾರೂ ನೋಡುತ್ತಿಲ್ಲವೆಂದು ನಾನು ಮಾಡಿದ ಸಣ್ಣ ಕೆಲಸವನ್ನು ಆ ನಾಲ್ಕು ಮೆಗಾಬೈಟಿನಲ್ಲಿ ಯಾರೋ ಜಾಗ ಮಾಡಿ ಬರೆದಿಟ್ಟುಕೊಂಡಿದ್ದರು. ಅದರಾಚೆಗೆ ಬೇರೆ ಯಾವ ಕಾರಣವೂ ನನಗೆ ಬೇಕಿಲ್ಲ. ಹೆಸರಿಗೆ ತಕ್ಕ ಆಟ ಇದು.

ಹೋದ ವರ್ಷ ಮತ್ತೆ ಆಡಿದೆ. ಜಾತ್ರೆಯಲ್ಲಿ ಡಿಕ್ಕಿ ಹೊಡೆದು ಬಿದ್ದ ಹುಡುಗಿಯನ್ನು ಮೊದಲು ಮಾತಾಡಿಸಿ, ಆಮೇಲೆ ಅವಳ ಪದಕ ಎತ್ತಿಕೊಟ್ಟೆ. ಅವಳು ಮಿಠಾಯಿ ಆರಿಸುವಷ್ಟು ಹೊತ್ತು ಅಲುಗದೆ ನಿಂತೆ. ಪುಟ್ಟ ಮಗುವಿನ ಕಳೆದುಹೋದ ಬೆಕ್ಕನ್ನು ಹುಡುಕಿಕೊಟ್ಟೆ. ಮೇಜಿನ ಮೇಲೆ ಬುತ್ತಿ ಇತ್ತು, ಮುಟ್ಟಲಿಲ್ಲ. ಕಾಡಿನ ಆ ರಾತ್ರಿ ಬಂದಾಗ ಬೆರಳುಗಳು ತಪ್ಪಲಿಲ್ಲ. ಆಮೇಲೆ ಲುಕ್ಕಾಳ ಮನೆಗೆ ಹೋದೆ. ಅವಳ ತಾಯಿ ಮನೆಯೊಳಗೆ ಓಡಾಡಿಕೊಂಡಿದ್ದರು.