ಸಂಧಿಕಾಲದ ಮನಸ್ಸು

(ಬಾನುಲಿ ಭಾಷಣ)

ಸ್ತ್ರೀಯರ ಆರೋಗ್ಯವನ್ನು ಕುರಿತ ಈ ಮಾಲೆಯಲ್ಲಿ ಮಾತನಾಡಬೇಕೆಂದು ಬಾನುಲಿ ನಿಲಯದವರು ನನ್ನನ್ನು ಕೇಳಿದಾಗ, ವಿಷಯವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನೂ ಕೊಟ್ಟರು. ಬಸಿರು, ಬಾಣಂತನ, ಶಿಶುಪಾಲನೆಗಳನ್ನು ಕುರಿತು ಹೇಳುವವರು ಅನೇಕರಿದ್ದಾರೆ. ಅವೆಲ್ಲ ಮುಗಿದ ಮೇಲೆ, ನಲವತ್ತರ ಆಚೆಗೆ ಹೆಂಗಸಿನ ಮನಸ್ಸಿಗೆ ಏನಾಗುತ್ತದೆ ಎಂಬುದನ್ನು ಹೇಳುವವರು ಕಡಿಮೆ. ಆದುದರಿಂದ ಅದನ್ನೇ ಆರಿಸಿಕೊಂಡಿದ್ದೇನೆ.

ನಮ್ಮ ಸಂಪ್ರದಾಯದಲ್ಲಿ ಹೆಣ್ಣಿನ ದೇಹದ ಒಂದೊಂದು ತಿರುವಿಗೂ ಒಂದೊಂದು ಶಾಸ್ತ್ರವುಂಟು. ಹುಡುಗಿ ಮೈನೆರೆದರೆ ಆರತಿ ಎತ್ತಿ ಚಿಗಳಿ ತಿನ್ನಿಸುತ್ತಾರೆ. ಬಸುರಿಗೆ ಹಸಿರು ಬಳೆ ತೊಡಿಸಿ ಸೀಮಂತ ಮಾಡುತ್ತಾರೆ. ಬಾಣಂತಿಗೆ ಎಣ್ಣೆನೀರು, ಬೆಚ್ಚನೆಯ ಕೋಣೆ, ಪಥ್ಯದ ಊಟ. ಆದರೆ ಮುಟ್ಟು ನಿಲ್ಲುವ ಕಾಲಕ್ಕೆ ಆರತಿಯೂ ಇಲ್ಲ, ಹಾಡೂ ಇಲ್ಲ. ‘ನಿಂತುಹೋಯಿತು’ ಎಂದು ಅಕ್ಕನ ಕಿವಿಯಲ್ಲಿ ಪಿಸುಗುಟ್ಟಿದರೆ ಮುಗಿಯಿತು. ನಿಲ್ಲುವುದಕ್ಕೆ ಮೊದಲಿನ ಕೆಲವು ವರ್ಷಗಳಿಗಂತೂ ಆಡುಮಾತಿನಲ್ಲಿ ಒಂದು ಹೆಸರು ಕೂಡ ಇಲ್ಲ. ವೈದ್ಯರು ಅದನ್ನು ಪೆರಿಮೆನೋಪಾಸ್ ಎನ್ನುತ್ತಾರೆ. ನಾನು ಈ ಮಾತಿನ ಮಟ್ಟಿಗೆ ಅದನ್ನು ಋತುಬಂಧದ ಸಂಧಿಕಾಲ ಎಂದು ಕರೆಯುತ್ತೇನೆ.

ಹೆಸರಿಲ್ಲದಿದ್ದರೆ ಏನು ನಷ್ಟ ಎಂದು ಕೇಳಬಹುದು. ನಷ್ಟ ಎಷ್ಟೆಂಬುದನ್ನು ನಾನು ನನ್ನದೇ ಒಂದು ತಪ್ಪಿನಿಂದ ಕಲಿತೆ. ಅದನ್ನು ಮೊದಲು ಹೇಳಿಬಿಡುತ್ತೇನೆ.

ನಾನು ಒಂದು ತಾಲ್ಲೂಕು ಕೇಂದ್ರದಲ್ಲಿ ವೈದ್ಯಳಾಗಿ ಬಹುಕಾಲ ಕೆಲಸ ಮಾಡಿದವಳು. ಆಗ ನನಗಿನ್ನೂ ಮೂವತ್ತೈದು ತುಂಬಿರಲಿಲ್ಲ. ಒಂದು ದಿನ ನಮ್ಮೂರಿನ ಶಾಲೆಯ ಉಪಾಧ್ಯಾಯಿನಿಯೊಬ್ಬರು ಬಂದರು. ನಲವತ್ತೇಳರ ವಯಸ್ಸು, ಮಕ್ಕಳಿಗೆ ವ್ಯಾಕರಣವನ್ನು ಕಥೆಯಂತೆ ಕಲಿಸುತ್ತಾರೆಂದು ಹೆಸರಾದವರು. “ಡಾಕ್ಟ್ರಮ್ಮ, ಬೋರ್ಡಿನ ಮುಂದೆ ನಿಂತರೆ ಬರೆಯಲು ಕೈ ಏಳುವುದಿಲ್ಲ. ಸುಮ್ಮಸುಮ್ಮನೆ ಅಳು ಬರುತ್ತದೆ. ಮಕ್ಕಳ ಮೇಲೆ ರೇಗುತ್ತೇನೆ, ಆಮೇಲೆ ನಾಚಿಕೆಯಾಗುತ್ತದೆ” ಎಂದರು. ಮುಟ್ಟು ಏರುಪೇರಾಗಿದೆಯೆಂದೂ ಹೇಳಿದರು. ನಾನು ರಕ್ತ ಪರೀಕ್ಷಿಸಿ, ಕಬ್ಬಿಣಾಂಶದ ಮಾತ್ರೆ ಬರೆದುಕೊಟ್ಟು, “ವಯಸ್ಸಾಯಿತಲ್ಲ ಟೀಚರ್, ಇದೆಲ್ಲ ಇದ್ದದ್ದೇ. ಮನಸ್ಸಿಗೆ ಹಚ್ಚಿಕೊಳ್ಳಬೇಡಿ” ಎಂದು ಕಳುಹಿಸಿದೆ. ಮುಂದಿನ ವರ್ಷ ಅವರು ಸ್ವಯಂನಿವೃತ್ತಿ ತೆಗೆದುಕೊಂಡರೆಂದು ಕೇಳಿದೆ. ಹತ್ತು ವರ್ಷಕ್ಕೂ ಹೆಚ್ಚಿನ ಸೇವೆ ಬಾಕಿ ಇತ್ತು. ಆಗ ಅದು ನನ್ನ ಮನಸ್ಸಿಗೆ ನಾಟಲಿಲ್ಲ.

ನಾಟಿದ್ದು ನನಗೆ ನಲವತ್ತಾರಾದಾಗ. ಸಾರಿಗೆ ಉಪ್ಪು ಹೆಚ್ಚಾಯಿತೆಂದು ಯಜಮಾನರು ಅಂದ ಒಂದು ಮಾತಿಗೆ ನಾನು ತಟ್ಟೆ ತಳ್ಳಿ ಎದ್ದುಹೋದೆ. ಹಿತ್ತಲಲ್ಲಿ ನಿಂತು ಅರ್ಧ ಗಂಟೆ ಅತ್ತೆ. ರಾತ್ರಿ ಮೂರು ಗಂಟೆಗೆ ಮೈಯೆಲ್ಲ ಬೆವೆತು ಎಚ್ಚರವಾಗುವುದು, ಬೆಳಗಿನವರೆಗೂ ಸೂರು ನೋಡುತ್ತ ಮಲಗಿರುವುದು ವಾಡಿಕೆಯಾಯಿತು. ಆದರೆ ಸಿಟ್ಟಿಗಿಂತ, ಅಳುವಿಗಿಂತ ನನ್ನನ್ನು ಹೆದರಿಸಿದ್ದು ಬೇರೊಂದು: ಏನೂ ಬೇಡವೆನ್ನಿಸುವ ಸ್ಥಿತಿ. ಬಿಡದೆ ಓದುತ್ತಿದ್ದ ವಾರಪತ್ರಿಕೆಗಳು ಮಡಿಕೆ ಬಿಚ್ಚದೆ ರಾಶಿಬಿದ್ದವು. ಮಲ್ಲಿಗೆಯ ಬಳ್ಳಿಗೆ ನೀರು ಹಾಕುವುದೂ ಬೆಟ್ಟ ಹತ್ತುವಷ್ಟು ಕಷ್ಟವಾಯಿತು. ನಾನು ಸೋಮಾರಿಯಾದೆನೆಂದೇ ತಿಳಿದೆ. ಆಗ ಒಂದು ಬೆಳಗ್ಗೆ ಆ ಉಪಾಧ್ಯಾಯಿನಿಯ ಮಾತು ನೆನಪಾಯಿತು: “ಕೈ ಏಳುವುದಿಲ್ಲ.” ಅವರು ಹೇಳಿದ್ದು ಏನೆಂಬುದು ನನಗೆ ಅರ್ಥವಾಗಲು ಹನ್ನೆರಡು ವರ್ಷ ಬೇಕಾಯಿತು.

ಇನ್ನು ಈ ಸಂಧಿಕಾಲದಲ್ಲಿ ದೇಹದೊಳಗೆ ನಡೆಯುವುದೇನು ಎಂಬುದನ್ನು ನೋಡೋಣ.

ಹೆಣ್ಣುಮಗು ಹುಟ್ಟುವಾಗಲೇ ಅದರ ಅಂಡಾಶಯಗಳಲ್ಲಿ ಹತ್ತರಿಂದ ಇಪ್ಪತ್ತು ಲಕ್ಷ ಅಂಡಕೋಶಗಳಿರುತ್ತವೆ. ಮೈನೆರೆಯುವ ಹೊತ್ತಿಗೆ ಮೂರು ನಾಲ್ಕು ಲಕ್ಷ ಉಳಿಯುತ್ತವೆ; ಋತುಬಂಧದ ವೇಳೆಗೆ ಸುಮಾರು ಒಂದು ಸಾವಿರ. ಹೊಸದಾಗಿ ಹುಟ್ಟುವುದಿಲ್ಲ, ಇದು ಖರ್ಚಿನ ಖಾತೆಯೇ ಹೊರತು ಜಮೆಯ ಖಾತೆಯಲ್ಲ. ಸಂಗ್ರಹ ತೀರುತ್ತ ಬಂದಂತೆ ಅಂಡಾಶಯ ಮಿದುಳಿನ ಆಜ್ಞೆಗೆ ಸರಿಯಾಗಿ ಓಗೊಡುವುದಿಲ್ಲ. ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ಇನ್ನೂ ಗಟ್ಟಿಯಾಗಿ ಕೂಗುತ್ತದೆ. ಒಮ್ಮೆ ಅಂಡಾಶಯ ಅತಿಯಾಗಿ ಸ್ಪಂದಿಸುತ್ತದೆ, ಇನ್ನೊಮ್ಮೆ ಸುಮ್ಮನಿರುತ್ತದೆ. ಹೀಗಾಗಿ ಈಸ್ಟ್ರೋಜೆನ್ ಎಂಬ ಹಾರ್ಮೋನು ಮೆಲ್ಲನೆ ಇಳಿಯುತ್ತ ಹೋಗುತ್ತದೆಂಬುದು ತಪ್ಪು ಕಲ್ಪನೆ. ಅದು ಏರುತ್ತದೆ, ಬೀಳುತ್ತದೆ. ಕೆಲವು ತಿಂಗಳು ಯೌವನದಲ್ಲಿದ್ದುದಕ್ಕಿಂತಲೂ ಮೇಲಕ್ಕೆ ಹೋಗುತ್ತದೆ.

ಈಸ್ಟ್ರೋಜೆನ್ ಗರ್ಭಕೋಶದ ಸಲುವಾಗಿ ಮಾತ್ರ ಇರುವ ವಸ್ತುವಲ್ಲ. ಮಿದುಳಿನಲ್ಲಿ ಮನಸ್ಸಿನ ಸಮಾಧಾನಕ್ಕೆ ಸಂಬಂಧಿಸಿದ ಸಿರೊಟೋನಿನ್, ಉತ್ಸಾಹಕ್ಕೂ ಬಯಕೆಗೂ ಸಂಬಂಧಿಸಿದ ಡೋಪಮಿನ್, ಇವೆರಡರ ಮೇಲೂ ಅದರ ಕೈವಾಡವಿದೆ. ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹಾರ್ಮೋನಿನಿಂದ ಹುಟ್ಟುವ ಪದಾರ್ಥವೊಂದು ನರಗಳನ್ನು ಶಾಂತಗೊಳಿಸುತ್ತದೆ. ಅಂಡ ಬಿಡುಗಡೆಯಾಗದ ತಿಂಗಳುಗಳಲ್ಲಿ ಅದೂ ಕಡಿಮೆ. ನಮ್ಮ ಕಡೆಯ ರೈತರಿಗೆ ಒಂದು ಮಾತು ಗೊತ್ತು. ಕರೆಂಟು ಪೂರ್ತಿ ಹೋದರೆ ಪಂಪಿನ ಮೋಟಾರು ಕೆಡುವುದಿಲ್ಲ. ವೋಲ್ಟೇಜು ಏರಿಳಿದರೆ ಕೆಡುತ್ತದೆ. ಮನಸ್ಸಿನ ವಿಷಯವೂ ಹೆಚ್ಚುಕಡಿಮೆ ಹಾಗೆಯೇ. ಮುಟ್ಟು ಪೂರ್ತಿ ನಿಂತು ಕೆಲಕಾಲ ಕಳೆದ ಮೇಲೆ ಅನೇಕರ ಮನಸ್ಸು ತಿಳಿಯಾಗುತ್ತದೆ. ಕಾಡುವುದು ಏರಿಳಿತದ ಕಾಲ.

ಆ ಕಾಲ ಎಷ್ಟು? ಹನ್ನೆರಡು ತಿಂಗಳು ಒಂದೇಸಮನೆ ಮುಟ್ಟಾಗದಿದ್ದರೆ ಅದನ್ನು ಋತುಬಂಧವೆನ್ನುತ್ತೇವೆ. ಪಾಶ್ಚಾತ್ಯ ದೇಶಗಳಲ್ಲಿ ಅದು ಸರಾಸರಿ 51ರ ವಯಸ್ಸಿಗೆ. ಭಾರತದಲ್ಲಿ ಸುಮಾರು 46–47ಕ್ಕೆ. ಅದಕ್ಕೆ ಮುಂಚಿನ ಸಂಧಿಕಾಲ ಸಾಮಾನ್ಯವಾಗಿ ನಾಲ್ಕು ವರ್ಷ. ಕೆಲವರಿಗೆ ಒಂದೆರಡೇ ವರ್ಷ, ಕೆಲವರಿಗೆ ಎಂಟು. ಅಂದಮೇಲೆ ನಮ್ಮಲ್ಲಿ ಅನೇಕರಿಗೆ ಇದು ನಲವತ್ತೆರಡು ಮೂರಕ್ಕೇ ಶುರುವಾಗುತ್ತದೆ. ಶಸ್ತ್ರಚಿಕಿತ್ಸೆಯಲ್ಲಿ ಗರ್ಭಕೋಶವನ್ನು ತೆಗೆಸಿಕೊಂಡವರಿಗೆ ಮುಟ್ಟಿನ ಸುಳಿವೇ ಇರುವುದಿಲ್ಲವಾದ್ದರಿಂದ, ಮನಸ್ಸು ಕದಡಿದರೆ ಕಾರಣ ಹೊಳೆಯುವುದು ಇನ್ನೂ ಕಷ್ಟ. ಅಂಡಾಶಯಗಳನ್ನೂ ತೆಗೆದಿದ್ದರೆ ಸಂಧಿಕಾಲವೆಂಬುದೇ ಇಲ್ಲದೆ ಒಮ್ಮೆಲೇ ಋತುಬಂಧ ಬಂದೊದಗುತ್ತದೆ.

ವೈದ್ಯಶಾಸ್ತ್ರಕ್ಕೆ ಇದು ಹೊಸ ವಿಷಯವಲ್ಲ. ಹನ್ನೆರಡಕ್ಕೆ ಆರಂಭವಾದ ರಜಸ್ಸು ಐವತ್ತಕ್ಕೆ ಕ್ಷಯಿಸುತ್ತದೆಂದು ಸುಶ್ರುತಸಂಹಿತೆಯಲ್ಲಿದೆ. ಮೆನೋಪಾಸ್ ಎಂಬ ಶಬ್ದವನ್ನು 1821ರಲ್ಲಿ ಬಳಕೆಗೆ ತಂದವನು ಗಾರ್ದಾನ್ ಎಂಬ ಫ್ರೆಂಚ್ ವೈದ್ಯ. ಆದರೆ ಮನಸ್ಸಿನ ವಿಷಯದಲ್ಲಿ ಶಾಸ್ತ್ರ ಎರಡು ದಿಕ್ಕಿನಲ್ಲೂ ಎಡವಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಜರ್ಮನಿಯ ಕ್ರೇಪಲಿನ್ ಈ ವಯಸ್ಸಿನ ವಿಷಾದವನ್ನು ಪ್ರತ್ಯೇಕ ಮನೋರೋಗವೆಂದು ವರ್ಗೀಕರಿಸಿದ. ಅಮೆರಿಕದ ಮನೋವೈದ್ಯರು 1980ರಲ್ಲಿ ತಮ್ಮ ಕೈಪಿಡಿಯಿಂದ ಆ ಹೆಸರನ್ನು ತೆಗೆದುಹಾಕಿದರು. ಹಾಗೆ ಪ್ರತ್ಯೇಕ ರೋಗವಿಲ್ಲವೆಂಬುದು ಸರಿಯೇ. ಆದರೆ ರೋಗವಲ್ಲ ಎಂದರೆ ಏನೂ ಅಲ್ಲ ಎಂದು ನಮ್ಮಂಥ ವೈದ್ಯರು ಅರ್ಥಮಾಡಿಕೊಂಡೆವು. 2024ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಸಂಧಿಕಾಲದ ಸ್ತ್ರೀಯರಲ್ಲಿ ಖಿನ್ನತೆಯ ಲಕ್ಷಣಗಳ ಸಂಭವ ಅದಕ್ಕೆ ಮುಂಚಿನ ಹಂತದಲ್ಲಿರುವವರಿಗಿಂತ ಸುಮಾರು ಶೇಕಡ 40ರಷ್ಟು ಹೆಚ್ಚೆಂದು ಕಂಡುಬಂತು. ಬಾಣಂತನದಲ್ಲಿ ಅಥವಾ ಹಿಂದೊಮ್ಮೆ ಖಿನ್ನತೆಗೆ ಒಳಗಾಗಿದ್ದವರು ಇನ್ನಷ್ಟು ಎಚ್ಚರಿಕೆಯಿಂದಿರಬೇಕು.

ಎಲ್ಲವನ್ನೂ ಹಾರ್ಮೋನಿನ ತಲೆಗೆ ಕಟ್ಟುವುದೂ ನ್ಯಾಯವಲ್ಲ. ಈ ವಯಸ್ಸಿನಲ್ಲೇ ಮಗನ ಪರೀಕ್ಷೆ, ಮಗಳ ಮದುವೆ, ಹಾಸಿಗೆ ಹಿಡಿದ ಅತ್ತೆ, ತೀರದ ಸಾಲ ಒಟ್ಟಿಗೆ ಬಂದು ನಿಲ್ಲುತ್ತವೆ. ದುಃಖಕ್ಕೆ ನಿಜವಾದ ಕಾರಣವಿರುವ ಹೆಂಗಸಿಗೆ ‘ನಿನಗೆ ಹಾರ್ಮೋನಿನ ತೊಂದರೆ’ ಎಂದು ಹೇಳಿ ಬಾಯಿ ಮುಚ್ಚಿಸುವುದು, ನಾನು ಮಾಡಿದ ತಪ್ಪಿನ ಇನ್ನೊಂದು ಮುಖ.

ಹಾಗಾದರೆ ಮಾಡಬೇಕಾದುದೇನು? ನನಗೆ ಪ್ರಯೋಜನವಾದುದನ್ನೂ, ಶಾಸ್ತ್ರ ಒಪ್ಪಿದುದನ್ನೂ ಹೇಳುತ್ತೇನೆ.

ಮೊದಲನೆಯದು, ಲೆಕ್ಕ ಇಡುವುದು. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಮುಟ್ಟಿನ ದಿನ, ನಿದ್ದೆ ಕೆಟ್ಟ ರಾತ್ರಿ, ಮನಸ್ಸು ಕುಸಿದ ದಿನಗಳಿಗೆ ಒಂದೊಂದು ಗುರುತು ಹಾಕಿ. ಎರಡು ಮೂರು ತಿಂಗಳಲ್ಲಿ ಒಂದು ರೂಪ ಕಾಣಿಸಿಕೊಳ್ಳುತ್ತದೆ. ವೈದ್ಯರ ಬಳಿಗೆ ಹೋಗುವಾಗ ಆ ಹಾಳೆ ಜೊತೆಗಿರಲಿ. ನಲವತ್ತೈದು ದಾಟಿದವರಿಗೆ ಹಾರ್ಮೋನಿನ ರಕ್ತಪರೀಕ್ಷೆ ಸಾಮಾನ್ಯವಾಗಿ ಅಗತ್ಯವಿಲ್ಲ; ದಿನಕ್ಕೊಂದು ತೆರನಾಗಿರುವುದನ್ನು ಒಂದು ದಿನ ಅಳೆದು ಪ್ರಯೋಜನವೇನು? ಆದರೆ ಥೈರಾಯ್ಡ್, ಹಿಮೋಗ್ಲೋಬಿನ್, ಬಿ-12, ಸಕ್ಕರೆ ಇವನ್ನು ನೋಡಿಸಲೇಬೇಕು. ಇವುಗಳ ದೋಷವೂ ಇದೇ ವೇಷದಲ್ಲಿ ಬರುತ್ತದೆ.

ಎರಡನೆಯದು ನಿದ್ದೆ. ನಿದ್ದೆಗೆಟ್ಟವರ ಸಹನೆ ಯಾವ ವಯಸ್ಸಿನಲ್ಲೂ ತೆಳು. ಮಧ್ಯಾಹ್ನದ ಮೇಲೆ ಕಾಫಿ ಬಿಟ್ಟು, ಮಲಗುವ ಮತ್ತು ಏಳುವ ಹೊತ್ತನ್ನು ಗೊತ್ತುಮಾಡಿಕೊಂಡು, ತೆಳುವಾದ ಹತ್ತಿಯ ಬಟ್ಟೆ ಉಟ್ಟು ಗಾಳಿಯಾಡುವ ಕಡೆ ಮಲಗುವುದು ಸಣ್ಣ ಉಪಾಯಗಳು. ಆದರೆ ನಾಳಿನ ಸಿಟ್ಟನ್ನು ಇಂದಿನ ರಾತ್ರಿಯೇ ಅರ್ಧಕ್ಕೆ ಇಳಿಸಬಲ್ಲವು.

ಮೂರನೆಯದು, ಏನೂ ಬೇಡವೆನ್ನಿಸುವ ಸ್ಥಿತಿಗೆ ಸಂಬಂಧಿಸಿದ್ದು. ಇಲ್ಲಿ ನಾವೆಲ್ಲ ಮಾಡುವ ತಪ್ಪು, ಉತ್ಸಾಹ ಬರಲಿ, ಆಮೇಲೆ ಕೆಲಸ ಮಾಡೋಣವೆಂದು ಕಾಯುವುದು. ಈ ಕಾಲದಲ್ಲಿ ಕ್ರಮ ತಿರುಗುಮುರುಗು; ಕೆಲಸ ಮುಂದೆ, ಉತ್ಸಾಹ ಅದರ ಹಿಂದೆ. ಆದ್ದರಿಂದ ಕೆಲಸವನ್ನು ಎಷ್ಟು ಚಿಕ್ಕದು ಮಾಡಬಹುದೋ ಅಷ್ಟು ಚಿಕ್ಕದು ಮಾಡಬೇಕು. ನಾನು ಇಡೀ ತೋಟದ ಯೋಚನೆ ಬಿಟ್ಟು, ಮಲ್ಲಿಗೆಯ ಬಳ್ಳಿಗೆ ಒಂದೇ ಒಂದು ತಂಬಿಗೆ ನೀರು ಎಂದು ನಿಶ್ಚಯಿಸಿದೆ. ಪತ್ರಿಕೆಯಲ್ಲಿ ಒಂದು ಪುಟ. ಕೆಲವು ದಿನ ಅಷ್ಟಕ್ಕೇ ನಿಂತಿತು. ಕೆಲವು ದಿನ ಒಂದು ತಂಬಿಗೆ ನಾಲ್ಕಾಯಿತು. ವಾರಕ್ಕೆ 150 ನಿಮಿಷ, ಅಂದರೆ ವಾರದಲ್ಲಿ ಐದು ದಿನ ಅರ್ಧ ಗಂಟೆ, ಬಿರುಸಾಗಿ ನಡೆಯಬೇಕೆನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ನೆರೆಮನೆಯ ಗೆಳತಿಯೊಬ್ಬರಿಗೆ ಮಾತು ಕೊಟ್ಟುಬಿಡಿ. ನಮ್ಮ ಮನಸ್ಸು ಏಳದಿದ್ದರೂ ಅವರು ಬಾಗಿಲು ತಟ್ಟುತ್ತಾರೆ.

ನಾಲ್ಕನೆಯದು, ಮನೆಯವರಿಗೆ ಹೇಳುವುದು. ಸಿಟ್ಟು ಬಂದ ಗಳಿಗೆಯಲ್ಲಲ್ಲ, ಸಮಾಧಾನದ ಹೊತ್ತಿನಲ್ಲಿ. “ಇದು ನಿಮ್ಮ ಮೇಲಿನ ಬೇಸರವಲ್ಲ, ನನ್ನ ಮೈಯಲ್ಲಿ ನಡೆಯುತ್ತಿರುವ ಬದಲಾವಣೆ. ನಾನು ಎದ್ದುಹೋದರೆ ಹಿಂದೆ ಬರಬೇಡಿ, ಹತ್ತು ನಿಮಿಷ ಬಿಡಿ” ಎಂದು ಹೇಳಿದೆ. ನಮ್ಮ ಯಜಮಾನರು ಬಹಳ ಹೊತ್ತು ಸುಮ್ಮನಿದ್ದು, “ಮೊದಲೇ ಹೇಳಬಾರದಾಗಿತ್ತೆ? ನಾನು ಏನೋ ತಪ್ಪು ಮಾಡಿದ್ದೇನೆ ಅಂದುಕೊಂಡಿದ್ದೆ” ಎಂದರು. ಒಂದೇ ಮನೆಯಲ್ಲಿ ಇಬ್ಬರೂ ತಮ್ಮ ತಮ್ಮಲ್ಲೇ ತಪ್ಪು ಹುಡುಕುತ್ತ ಒಂದು ವರ್ಷ ಕಳೆದಿದ್ದೆವು.

ಇಷ್ಟರಿಂದ ಹಗುರವಾಗದಿದ್ದರೆ ಚಿಕಿತ್ಸೆಯುಂಟು. ಅದನ್ನು ಪಡೆಯುವುದರಲ್ಲಿ ಅವಮಾನವಿಲ್ಲ. ಯೋಚನೆಯ ಜಾಡನ್ನು ಗುರುತಿಸಿ ಬದಲಿಸಿಕೊಳ್ಳಲು ಕಲಿಸುವ ಮನೋಚಿಕಿತ್ಸೆಯಿಂದ ಅನೇಕರಿಗೆ ಗುಣವಾಗಿದೆ. ಹಾರ್ಮೋನಿನ ಚಿಕಿತ್ಸೆಯ ಹೆಸರೆತ್ತಿದರೆ ಜನ ಹೆದರುತ್ತಾರೆ. 2002ರಲ್ಲಿ ಅಮೆರಿಕದ ಒಂದು ದೊಡ್ಡ ಅಧ್ಯಯನ ಸ್ತನ ಕ್ಯಾನ್ಸರಿನ ಅಪಾಯವನ್ನು ಕಂಡು ಅರ್ಧಕ್ಕೆ ನಿಂತದ್ದು ಆ ಹೆದರಿಕೆಗೆ ಕಾರಣ. ಆದರೆ ಅದರಲ್ಲಿದ್ದ ಸ್ತ್ರೀಯರ ಸರಾಸರಿ ವಯಸ್ಸು 63. ಅರುವತ್ತರೊಳಗೆ, ಅಥವಾ ಋತುಬಂಧವಾಗಿ ಹತ್ತು ವರ್ಷದೊಳಗೆ ಆರಂಭಿಸಿದರೆ, ತೊಂದರೆ ಹೆಚ್ಚಾಗಿರುವ ಬಹುಮಂದಿ ಆರೋಗ್ಯವಂತರಿಗೆ ಹಾನಿಗಿಂತ ಲಾಭವೇ ಹೆಚ್ಚೆಂದು ಮುಂದೆ ತಿಳಿದುಬಂತು. ಸ್ತನ ಕ್ಯಾನ್ಸರ್, ರಕ್ತ ಹೆಪ್ಪುಗಟ್ಟುವಿಕೆ, ಪಾರ್ಶ್ವವಾಯು, ಕಾರಣ ತಿಳಿಯದ ರಕ್ತಸ್ರಾವ ಇದ್ದವರಿಗೆ ಸಾಮಾನ್ಯವಾಗಿ ಇದು ಸಲ್ಲದು. ವೈದ್ಯರೊಡನೆ ಕುಳಿತು ತೀರ್ಮಾನಿಸಬೇಕೇ ಹೊರತು ಔಷಧದ ಅಂಗಡಿಯಲ್ಲಿ ಕೇಳಿ ಕೊಳ್ಳಕೂಡದು. ಖಿನ್ನತೆಯೇ ಬೇರೂರಿದ್ದರೆ ಅದಕ್ಕೆ ಬೇರೆ ಔಷಧಗಳಿವೆ.

ಒಂದು ಎಚ್ಚರಿಕೆಯ ಮಾತು. ಎರಡು ವಾರ ಬಿಡದೆ ಮನಸ್ಸು ಕತ್ತಲಾಗಿದ್ದರೆ, ಊಟ ಸೇರದಿದ್ದರೆ, ಬದುಕು ಸಾಕೆಂಬ ಯೋಚನೆ ಸುಳಿದರೆ, ಅದನ್ನು ವಯಸ್ಸಿನ ಸ್ವಭಾವವೆಂದು ತಳ್ಳಿಹಾಕದೆ ಆ ದಿನವೇ ಯಾರಿಗಾದರೂ ಹೇಳಿ. ಭಾರತ ಸರ್ಕಾರ 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ-ಮಾನಸ್ ಎಂಬ ದೂರವಾಣಿ ಸೇವೆಯುಂಟು. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ, ಹಣ ಕೊಡದೆ, ಕನ್ನಡದಲ್ಲಿ ಮಾತನಾಡಬಹುದು.

ಕೊನೆಯದಾಗಿ ಆ ಉಪಾಧ್ಯಾಯಿನಿಯ ವಿಷಯ. ಕೆಲವು ವರ್ಷಗಳ ಹಿಂದೆ ಒಂದು ಮದುವೆಯ ಮನೆಯಲ್ಲಿ ಸಿಕ್ಕಿದರು. ತಲೆ ಪೂರ್ತಿ ನರೆತಿತ್ತು, ಮುಖ ತಿಳಿಯಾಗಿತ್ತು. ಐವತ್ತು ದಾಟಿದ ಮೇಲೆ ಮನಸ್ಸು ತಾನಾಗಿ ಸರಿಹೋಯಿತೆಂದೂ, ಈಗ ಬೀದಿಯ ಮಕ್ಕಳಿಗೆ ಸಂಜೆ ಪಾಠ ಹೇಳುತ್ತಿರುವುದಾಗಿಯೂ ಹೇಳಿದರು. ನಾನು ಪಕ್ಕಕ್ಕೆ ಕರೆದು, ಅಂದು ನಾನು ಆಡಿದ ಮಾತಿಗೆ ಕ್ಷಮೆ ಕೇಳಿದೆ. ಅವರು ನನ್ನ ಕೈ ಹಿಡಿದುಕೊಂಡು, “ಬಿಡಿ ಡಾಕ್ಟ್ರಮ್ಮ, ನಿಮಗೂ ಆಗ ಚಿಕ್ಕ ವಯಸ್ಸು. ಇದು ಹೋಗುತ್ತದೆ ಅಂತ ಗೊತ್ತಿದ್ದರೆ ರಜೆ ಹಾಕುತ್ತಿದ್ದೆ. ಹೋಗುವುದಿಲ್ಲ ಅಂದುಕೊಂಡು ಕೆಲಸವನ್ನೇ ಬಿಟ್ಟೆ” ಎಂದರು.

ಸೋದರಿಯರೆ, ನಾನು ಇಷ್ಟು ಹೊತ್ತು ಹೇಳಿದ್ದೆಲ್ಲ ಮರೆತರೂ ಆ ಮಾತೊಂದು ನೆನಪಿರಲಿ. ಕೆಲಸ ಬಿಡುವುದು, ಮನೆ ಬಿಡುವುದು, ನಂಟು ಕಡಿದುಕೊಳ್ಳುವುದು ಇಂಥ ದೊಡ್ಡ ತೀರ್ಮಾನಗಳನ್ನು, ಪ್ರಾಣಕ್ಕೋ ಮಾನಕ್ಕೋ ಅಪಾಯವಿಲ್ಲದ ಪಕ್ಷದಲ್ಲಿ, ಮನಸ್ಸು ಕುಸಿದ ತಿಂಗಳುಗಳಲ್ಲಿ ಮಾಡಬೇಡಿ. ಬೇಕಿದ್ದರೆ ರಜೆ ಹಾಕಿ. ಗಂಡಂದಿರೂ ಮಕ್ಕಳೂ ಇದನ್ನು ಕೇಳುತ್ತಿದ್ದರೆ ಅವರಲ್ಲಿ ನನ್ನದೊಂದು ಬೇಡಿಕೆ: ಇಂದು ರಾತ್ರಿ ಸಾರಿಗೆ ಉಪ್ಪು ಹೆಚ್ಚಾಗಿದ್ದರೆ ಸುಮ್ಮನೆ ಮಜ್ಜಿಗೆ ಹಾಕಿಸಿಕೊಳ್ಳಿ. ಊಟವಾದ ಮೇಲೆ, “ನಿನ್ನೆ ನಿದ್ದೆ ಬಂತೆ?” ಎಂದು ಕೇಳಿ.