ನಿದ್ದೆಗೆಡಿಸುವ ಸಾಲ, ಬತ್ತಿದ ಬಾವಿ

ಕಳೆದ ಮುಂಗಾರಿನಲ್ಲಿ ಕಡಲೆಕಾಯಿಯ ಎಲೆಚುಕ್ಕೆ ರೋಗ ನೋಡಲೆಂದು ಪಾವಗಡದ ಕಡೆಯ ಒಂದು ಹಳ್ಳಿಗೆ ಹೋಗಿದ್ದೆ. ತಾಕು ನೋಡಿ ಮುಗಿದ ಮೇಲೆ ರೈತರ ಮಡದಿ ಪಕ್ಕಕ್ಕೆ ಕರೆದು, "ಸಾರ್, ಇವ್ರಿಗೆ ರಾತ್ರಿಯೆಲ್ಲ ನಿದ್ದೆ ಇಲ್ಲ, ಊಟ ಸೇರಲ್ಲ, ಯಾರ ಜೊತೇನೂ ಮಾತಿಲ್ಲ. ಇದಕ್ಕೇನಾರ ಔಸ್ದಿ ಐತಾ?" ಎಂದರು.

ನಾನು ವೈದ್ಯನಲ್ಲ. ಆದರೂ ಕುಳಿತು ವಿಚಾರಿಸಿದೆ. ಸ್ವಂತ ಎರಡು ಎಕರೆಯಲ್ಲಿ ಕೊರೆಸಿದ ಎರಡು ಕೊಳವೆಬಾವಿಗಳೂ ಬತ್ತಿದ್ದವು. ಮಗಳ ಮದುವೆಗೆ ಮಾಡಿದ ಕೈಸಾಲಕ್ಕೆ ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿ. ಇನ್ನುಳಿದ ಮೂರು ಎಕರೆ ವಾರಕ್ಕೆ ಮಾಡಿದ್ದು. 1974ರ ಭೂಸುಧಾರಣೆಯ ನಂತರ ನಮ್ಮಲ್ಲಿ ಜಮೀನನ್ನು ಗೇಣಿಗೆ ಕೊಡುವುದು ಬಹುಮಟ್ಟಿಗೆ ನಿಷಿದ್ಧವಾದುದರಿಂದ ಇಂತಹ ಒಪ್ಪಂದಗಳೆಲ್ಲ ಬಾಯಿಮಾತಿನವು. ಪಹಣಿಯಲ್ಲಿ ಹೆಸರಿಲ್ಲದವನಿಗೆ ಬೆಳೆಸಾಲ ದೊರೆಯುವುದೂ ಕಷ್ಟ, ಬೆಳೆ ಹೋದಾಗ ಪರಿಹಾರ ದೊರೆಯುವುದೂ ಕಷ್ಟ.

ಗಿಡ ಹಳದಿಯಾದರೆ ಎಲೆಗೆ ಸಿಂಪಡಿಸಿ ಸುಮ್ಮನಾಗದೆ ಮಣ್ಣು ಪರೀಕ್ಷೆ ಮಾಡಿಸುತ್ತೇವಲ್ಲವೇ? ಖಿನ್ನತೆಯೂ ಒಂದು ಕಾಯಿಲೆ, ಚಿಕಿತ್ಸೆಯಿಂದ ಗುಣವಾಗಬಲ್ಲದು. ಆದರೆ ಮಾತ್ರೆ ಬಡ್ಡಿಯನ್ನು ತೀರಿಸುವುದಿಲ್ಲ. ಇಂಡೋನೇಷ್ಯಾದಲ್ಲಿ ಬಡ ಕುಟುಂಬಗಳಿಗೆ ಸರ್ಕಾರ ನಗದು ನೆರವು ನೀಡಿದ ಕಡೆ ಆತ್ಮಹತ್ಯೆಗಳು ಶೇಕಡ 18ರಷ್ಟು ಕಡಿಮೆಯಾದುದು 2019ರಲ್ಲಿ ಪ್ರಕಟವಾದ ಅಧ್ಯಯನದಿಂದ ತಿಳಿದುಬಂದಿದೆ. ಮಳೆ ಕೈಕೊಟ್ಟಾಗ ಬೇಸಾಯಗಾರನ ಮೇಲೆ ಬೀಳುವ ಪೆಟ್ಟನ್ನೂ ಈ ನೆರವು ತಗ್ಗಿಸಿತು.

ಶ್ರೀಲಂಕಾದ ಅನುಭವ ನಮ್ಮ ಕಸುಬಿಗೇ ಸಂಬಂಧಿಸಿದ್ದು. ಅಲ್ಲಿ 1995ರಲ್ಲಿ ಅತಿ ವಿಷಕಾರಿ ಕೀಟನಾಶಕಗಳನ್ನೂ 1998ರಲ್ಲಿ ಎಂಡೋಸಲ್ಫಾನನ್ನೂ ತಡೆದರು. 2005ರ ಹೊತ್ತಿಗೆ ಆತ್ಮಹತ್ಯೆಯ ಪ್ರಮಾಣ ಸುಮಾರು ಅರ್ಧಕ್ಕಿಳಿಯಿತು; ಭತ್ತದ ಇಳುವರಿಯೇನೂ ಕುಗ್ಗಲಿಲ್ಲ. ಕೀಟನಾಶಕವನ್ನು ಬೇಕಾದಾಗ ಬೇಕಾದಷ್ಟೇ ತನ್ನಿರಿ. ಉಳಿದರೆ ಮನೆಯೊಳಗಿಡದೆ ಬೇರೆಡೆ ಬೀಗ ಹಾಕಿಡಿರಿ. ಮನೆಯಲ್ಲಿ ಯಾರಾದರೂ ಮಂಕಾಗಿದ್ದರಂತೂ ಬೀಗದ ಕೈ ಇನ್ನೊಬ್ಬರ ಬಳಿ ಇರಲಿ.

ಚಿಕಿತ್ಸೆಗೆ ದೂರದ ಪಟ್ಟಣಕ್ಕೇ ಹೋಗಬೇಕೆಂದಿಲ್ಲ. ತರಬೇತಿ ಪಡೆದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರೇ ಇದನ್ನು ನಿಭಾಯಿಸಬಲ್ಲರೆಂಬುದನ್ನು ನಿಮ್ಹಾನ್ಸ್ ಸಂಸ್ಥೆ 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿತು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ದೂರವಾಣಿ 14416ಕ್ಕೆ ಹಗಲಿರುಳೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಹುಚ್ಚೆಂದು ಊರು ಆಡಿಕೊಂಡೀತೆಂಬ ಅಂಜಿಕೆಯಿಂದ ದಿನ ದೂಡುವುದೇ ಹೆಚ್ಚು ಅಪಾಯ.

ಆ ದಂಪತಿಗಳು ತಾಲ್ಲೂಕು ಆಸ್ಪತ್ರೆಗೆ ಹೋಗಿಬಂದರು. ಮಡದಿಯ ಸ್ವಸಹಾಯ ಸಂಘದಿಂದ ಸಾಲ ಪಡೆದು ಕೈಸಾಲದ ಒಂದು ಪಾಲು ತೀರಿಸಿದರು. ಮೂರನೆಯ ಬಾವಿ ಕೊರೆಸಬೇಡಿ, ಕಡಲೆಕಾಯಿಯ ನಡುವೆ ತೊಗರಿಯ ಅಕ್ಕಡಿ ಸಾಲು ಹಾಕಿ ಎಂದು ನಾನೂ ಹೇಳಿಬಂದೆ. ವಾರದ ಹೊಲದ ವಿಚಾರಕ್ಕೆ ಮಾತ್ರ ನನ್ನಲ್ಲಿ ಉತ್ತರವಿರಲಿಲ್ಲ.